ಕೆಂಪು ದಾರ ಹಾಕಿದ ಮಾತುಗಳು

ಮಧ್ಯಾಹ್ನ ಊಟದ ಗಂಟೆ ಹೊಡೆದರೆ ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಒಂದು ಆಟ ಶುರುವಾಗುತ್ತಿತ್ತು. ಒಬ್ಬರು ಒಂದು ಪದ ಎತ್ತಿಕೊಂಡು ಅದರ ಮೂಲ ಹೇಳಬೇಕು. ನಿಜವನ್ನಾದರೂ ಹೇಳಬಹುದು, ಸುಳ್ಳನ್ನಾದರೂ ಹೇಳಬಹುದು. ಸುಳ್ಳು ನಂಬಿದವರು ಹೇಳಿದವರ ಊಟದ ಡಬ್ಬಿ ತೊಳೆಯಬೇಕು.

ಚಾವಿ, ಬಾಲ್ದಿ ಎರಡೂ ಪೋರ್ಚುಗೀಸರ ಹಡಗಿನಲ್ಲಿ ಬಂದ ಮಾತುಗಳು ಎಂದು ನಾನು ಅಂದಾಗ ಒಬ್ಬರೂ ನಂಬಲಿಲ್ಲ. ಅದು ನಿಜ. ಕಿಸೆ ಬಂದಿದ್ದು ಹಲ್ಲು ಕಿಸಿಯುವುದರಿಂದ, ನೋಡಿ, ಯಾವಾಗಲೂ ಬಾಯಿ ತೆರೆದುಕೊಂಡೇ ಇರುತ್ತದಲ್ಲ, ಅಂದಾಗ ಎಲ್ಲರೂ ಹೌದೌದು ಎಂದು ತಲೆ ಆಡಿಸಿದರು. ಅದು ನಾನು ನಿಂತ ನಿಲುವಿನಲ್ಲಿ ಹೆಣೆದ ಸುಳ್ಳು. ನನ್ನ ಸೊಸೆ ಒಬ್ಬಳು ಮಾತ್ರ, "ಅತ್ತೆ, ರೈಲು ಬಿಡಬೇಡಿ!" ಎಂದು ನಕ್ಕಳು. ಕಿಸೆ ಹೊಲಿಯುವ ಮಿಷನ್ನಿನಲ್ಲಿ ಕೂರುವವಳು ಅವಳೇ.

ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಅಲ್ಲಿನ ದಪ್ಪ ನಿಘಂಟು ನೋಡಿ ಪದಗಳ ಮೂಲವನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಆಟದ ಸುಳ್ಳುಗಳನ್ನೂ ಅದರಲ್ಲೇ ಬರೆಯುತ್ತಿದ್ದೆ. ಕಾರ್ಖಾನೆಯಲ್ಲಿ ಕೆಟ್ಟ ಬಟ್ಟೆಗೆ ಕೆಂಪು ದಾರದ ಒಂದು ಹೊಲಿಗೆ ಹಾಕಿ ಪಕ್ಕಕ್ಕಿಡುವುದು ರೂಢಿ. ನಾನೂ ಹಾಗೇ ಪ್ರತಿ ಸುಳ್ಳಿನ ಕೆಳಗೆ ಸೂಜಿಯಿಂದ ಒಂದು ಕೆಂಪು ಹೊಲಿಗೆ ಹಾಕಿದ್ದೆ. ವಯಸ್ಸಾದ ತಲೆ, ನಾಳೆ ನನ್ನ ಸುಳ್ಳನ್ನು ನಾನೇ ನಂಬಿಬಿಟ್ಟರೆ?

ಹೋದ ತಿಂಗಳು ರಾತ್ರಿ ಶಾಲೆಯ ಮೇಷ್ಟ್ರು, "ಅಜ್ಜಿ, ನಿಮ್ಮ ಪುಸ್ತಕ ಎರಡು ದಿನ ಕೊಡಿ, ನೋಡಿ ಕೊಡ್ತೀನಿ" ಅಂದರು. ಕೊಟ್ಟೆ. ವಾಪಸ್ಸೂ ಬಂತು. ಅಷ್ಟಕ್ಕೆ ಮರೆತೆ.

ಆಮೇಲೆ ರಾತ್ರಿ ಶಾಲೆಗೆ ಒಬ್ಬರು ಸಹಾಯಕರು ಬೇಕು ಅಂತ ಸುದ್ದಿ ಬಂತು. ಹೊಸಬರಿಗೆ ಪದಗಳ ಆಟ ಆಡಿಸುತ್ತ ಮಾತು ಕಲಿಸುವ ಕೆಲಸ, ಎಲ್ಲ ಬಾಯಿಮಾತಿನಲ್ಲೇ. ಪದಮೂಲದ ಸ್ಪರ್ಧೆಯಲ್ಲಿ ಗೆದ್ದವರಿಗೆ ಆ ಜಾಗ. ಸೊಸೆ ಅವತ್ತೇ ಹೆಸರು ಕೊಟ್ಟಳು. ದಿನವಿಡೀ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ನೋಡಿ ನೋಡಿ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸೂಜಿ ಬಿಡು ಎಂದಿದ್ದರು ಡಾಕ್ಟರು. ಬಿಟ್ಟು ಮಾಡುವುದೇನು?

"ಇದೊಂದು ಸಿಕ್ಕರೆ ಸಾಕು ಅತ್ತೆ" ಅನ್ನುತ್ತಿದ್ದಳು.

ಭಾನುವಾರ ಬೆಳಿಗ್ಗೆ ಶಾಲೆಯ ಮಹಡಿಯ ಕೋಣೆ ತುಂಬಿತ್ತು. ಒಬ್ಬೊಬ್ಬರೇ ಸೋತು ಬೆಂಚಿಗೆ ಬಂದರು. ಕೊನೆಗೆ ಉಳಿದವರು ಇಬ್ಬರು: ನನ್ನ ಸೊಸೆ ಮತ್ತು ನಮ್ಮ ಇಸ್ತ್ರಿಯಣ್ಣ. ಹದಿನೆಂಟು ವರ್ಷ ಇಸ್ತ್ರಿ ಮೇಜಿನ ಮುಂದೆ ನಿಂತು ಅವನ ಕಾಲಿನ ನರಗಳೆಲ್ಲ ಗಂಟು ಕಟ್ಟಿವೆ. ಅವನಿಗೂ ಕೂತು ಮಾಡುವ ಕೆಲಸ ಬೇಕಿತ್ತು. ಇಬ್ಬರ ಅಂಕವೂ ಸಮ.

"ಇನ್ನೊಂದೇ ಪ್ರಶ್ನೆ" ಅಂದರು ಮೇಷ್ಟ್ರು. "ಕಿಸೆ. ಮೂಲ ಹೇಳಿ. ಮೊದಲು ನೀವಪ್ಪ."

ಇಸ್ತ್ರಿಯಣ್ಣ ಗಂಟಲು ಸರಿಮಾಡಿಕೊಂಡ. "ಅರಬ್ಬಿ ಮಾತು ಸಾರ್. ಚೀಲ ಅಂತ ಅರ್ಥ. ಪಾರಸಿ ದಾಟಿ ನಮ್ಮ ಕಡೆ ಬಂತು."

"ತಪ್ಪು."

ನನ್ನ ಕಿವಿಯೇ ಕೆಟ್ಟಿತೇ ಅನ್ನಿಸಿತು. ತಪ್ಪೇ? ನಿಘಂಟಿನಲ್ಲಿ ಇರುವುದೇ ಅದು! ಮೇಷ್ಟ್ರ ಕೈಯಲ್ಲಿದ್ದ ಜೆರಾಕ್ಸ್ ಹಾಳೆ ನೋಡಿದೆ. ಸೊಟ್ಟ ಸೊಟ್ಟ ಅಕ್ಷರ, ಸಾಲು ಮೇಲಕ್ಕೇರುವ ಬರವಣಿಗೆ. ನನ್ನದು.

ಮೇಷ್ಟ್ರು ನನ್ನ ಪುಸ್ತಕ ಒಯ್ದಿದ್ದು ಸೊಸೆಗೂ ಗೊತ್ತಿತ್ತು; ಅವಳು ಆ ಹಾಳೆಯ ಕಡೆ ತಿರುಗಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಒಂದು ಗಳಿಗೆ, ಅಷ್ಟೇ. ತಲೆ ತಗ್ಗಿಸಿ ಹೇಳಿದಳು: "ಹಲ್ಲು ಕಿಸಿಯೋದರಿಂದ ಬಂತು ಸಾರ್. ಬಾಯಿ ತೆರೆದೇ ಇರುತ್ತಲ್ಲ."

"ಭೇಷ್! ಸರಿಯುತ್ತರ!"

ಚಪ್ಪಾಳೆ ಬಿತ್ತು. ನನ್ನ ಕೈ ಏಳಲಿಲ್ಲ. ರೈಲು ಬಿಡಬೇಡಿ ಅಂದಿದ್ದವಳು ಇವಳೇ ತಾನೇ? ಗೊತ್ತಿದ್ದೂ ಹೇಳಿದಳೇ? ಇಸ್ತ್ರಿಯಣ್ಣ ಬಗ್ಗಿ ಮೊಣಕಾಲು ಉಜ್ಜಿಕೊಳ್ಳುತ್ತಿದ್ದ. ಅದನ್ನು ನೋಡಿ ಕೂತಿರಲಾಗಲಿಲ್ಲ.

"ಮೇಷ್ಟ್ರೇ, ಅದು ಸುಳ್ಳು" ಅಂದೆ.

"ಯಾವುದು ಅಜ್ಜಿ?"

"ಕಿಸೆ. ಡಬ್ಬಿ ತೊಳೆಸೋಕೆ ನಾನು ಹೇಳಿದ ಸುಳ್ಳು. ಕೆಳಗೆ ಕೆಂಪು ದಾರ ಹಾಕಿದ್ದೆನಲ್ಲ?"

"ದಾರವೇ?" ಮೇಷ್ಟ್ರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. "ಪುಸ್ತಕ ನಾನು ಬಿಚ್ಚಿಯೂ ನೋಡಲಿಲ್ಲ, ನೇರ ಜೆರಾಕ್ಸ್ ಅಂಗಡಿಗೆ ಕಳಿಸಿದೆ. ಇಲ್ಲಿ ಕಪ್ಪು ಗೆರೆ ಬಂದಿದೆ. ಅಡಿಗೆರೆ ಹಾಕಿದ್ದೀರಿ, ಮುಖ್ಯವಾದವೇ ಇರಬೇಕು ಅಂತ... ಕೊನೆಯ ಪ್ರಶ್ನೆಗೆ ಅಂತಲೇ ಎತ್ತಿಟ್ಟಿದ್ದೆ."

ನಿಘಂಟು ತೆಗೆದರು. ಪುಟ ತಿರುವಿದರು. ಓದಿ, ಮುಚ್ಚಿ, ಇಸ್ತ್ರಿಯಣ್ಣನ ಕಡೆ ತಿರುಗಿ, "ಕ್ಷಮಿಸಿ" ಅಂದರು.

ಬಟ್ಟೆ ಕತ್ತರಿಸುವ ನಮ್ಮ ಕತ್ತರಿಯಕ್ಕನ ನಾಲಿಗೆಯೂ ಕತ್ತರಿಯೇ. "ಸೊಸೆ ಗೆದ್ದರೆ ಹೊಟ್ಟೆ ಉರಿಯೋ ಅತ್ತೇನ ಕಥೇಲಿ ಕೇಳಿದ್ದೆ. ಇವತ್ತು ಕಣ್ಣಾರೆ ನೋಡಿದೆ ಕಣ್ರೇ!"

"ಅವಳದೇನೂ ತಪ್ಪಿಲ್ಲ" ಅಂದೆ ಜೋರಾಗಿ. "ಪಾಪ, ಅತ್ತೆ ಹೇಳಿದ್ದು ನಂಬಿದಳು."

ಕೆಲಸ ಇಸ್ತ್ರಿಯಣ್ಣನಿಗೆ ಹೋಯಿತು. ಅವನು ನನ್ನ ಹತ್ತಿರ ಬಂದ. ಕೈ ಮುಗಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಸೊಸೆ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು. ಸಿಟ್ಟಿಗೆ ಹಾಗೆ ಇಳಿಯುತ್ತಾಳೆ ಅಂದುಕೊಂಡೆ.

"ನಾನು ನಂಬಿರಲಿಲ್ಲ. ನಿಮಗೆ ಗೊತ್ತು" ಅಂದಳು ಹಿಂದೆ ತಿರುಗದೆ.

"ಗೊತ್ತು."

"ಮತ್ತೆ ಯಾಕೆ ನನ್ನ ಮರ್ಯಾದೆ ಕಾಪಾಡಿದಿರಿ? ಕೆಲಸಾನೇ ಕಾಪಾಡಬಹುದಿತ್ತಲ್ಲ."

"ಅವನು ನಿಜ ಹೇಳಿದ್ದ ಕಣಮ್ಮಾ."

ಅವಳು ಬಾಗಿಲು ದಾಟಿದಳು. ಹೊರಗೆ ಬಿಸಿಲು ರಾಚುತ್ತಿತ್ತು. ರಸ್ತೆಯ ಅಂಚಿನಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಅತ್ತೆ, ಅಲ್ಲಿ ನಿಂತಿರೋದು ಬಸ್ಸಾ?" ಎನ್ನುತ್ತಲೇ ಒಂದು ಹೆಜ್ಜೆ ಕೆಳಗಿಟ್ಟಳು.

ಅದು ನಿಂತಿರಲಿಲ್ಲ. ಬರುತ್ತಿತ್ತು.

ಅವಳ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಗೋಡೆಗೆ ಹೋಗಿ ಬಿದ್ದೆವು. ಬಸ್ಸಿನ ಗಾಳಿ ಸೀರೆಯ ಸೆರಗನ್ನು ಎತ್ತಿಕೊಂಡು ಹೋಯಿತು.

"ಕಾಣಲಿಲ್ಲವೇನೇ ನಿನಗೆ? ಅಷ್ಟು ದೊಡ್ಡ ಬಸ್ಸು!"

"ಕಂಡಿತು. ಬಣ್ಣ ಕಾಣುತ್ತೆ. ಬರ್ತಾ ಇದೆಯೋ ನಿಂತಿದೆಯೋ ತಿಳಿಯಲ್ಲ."

"ನೀರು ಸುರಿಯುತ್ತೆ ಅಂತ ತಾನೇ ಹೇಳಿದ್ದೆ ನೀನು?"

"ಅಷ್ಟೇ ಹೇಳಿದ್ದೆ."

"ಮತ್ತೆ ಕಿಸೆ ಹೇಗೆ ಹೊಲಿಯುತ್ತಿದ್ದೀಯೇ?"

ಅವಳು ಎರಡೂ ಕೈ ನನ್ನ ಮುಂದೆ ಚಾಚಿದಳು. ಬೆರಳ ತುದಿಗಳ ತುಂಬ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು.

"ತಡವಿ ತಡವಿ" ಅಂದಳು. "ಮೂರು ತಿಂಗಳಾಯ್ತು, ಅತ್ತೆ."