ತಿರುಪಿನ ಕಾಲು ಸುತ್ತು

ಭಾನುವಾರ ಮಧ್ಯಾಹ್ನದ ವ್ಯಾಪಾರ ಮುಗಿದರೆ ಯುಚಿನ್ ಆವಿಯಲ್ಲಿ ಬೇಯಿಸಿದ, ಸೊಪ್ಪು ತುಂಬಿದ ಬನ್ನು ಮಾರುವ ತನ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಳ್ಳುತ್ತಿದ್ದಳು. ಒಲೆಯನ್ನು ಮಾತ್ರ ಆರಿಸುತ್ತಿರಲಿಲ್ಲ. ಆ ಹೊತ್ತಿಗೆ ಬರುವವರಿಗೆ ಬೇಕಾದದ್ದು ಬನ್ನಲ್ಲ, ಆವಿ. ಕೈಲೇಸರಿನ ಬೆಳಕು ಬರಿಗಾಳಿಯಲ್ಲಿ ಗೋಡೆಯ ಮೇಲೊಂದು ಚುಕ್ಕಿಯಷ್ಟೆ. ಬಿದಿರಿನ ಬುಟ್ಟಿಯ ಮುಚ್ಚಳ ತೆಗೆದು ಆ ಆವಿಯಲ್ಲಿ ಹಾಯಿಸಿದರೆ ಅದೇ ಬೆಳಕು ಈ ಗೋಡೆಯಿಂದ ಆ ಗೋಡೆಗೆ ಎಳೆದು ಕಟ್ಟಿದ ದಾರವಾಗುತ್ತದೆ. ಚೀನಾದ ಈಶಾನ್ಯದ ಚಾಂಗ್‌ಚುನ್ ಊರಿನ ಐದಾರು ಮಂದಿ ಲೇಸರ್ ಹುಚ್ಚರು ಆ ದಾರ ನೋಡಲೆಂದೇ ವಾರವಾರ ಬರುತ್ತಿದ್ದರು.

ಅವರೆಲ್ಲರಿಗೆ ಹಿರಿಯರು ತಾವ್ ಮೇಸ್ತ್ರಿ. ಮಸೂರ, ಹರಳು ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರು ಹಾಕಿಕೊಟ್ಟ ಕಟ್ಟಳೆ ಒಂದೇ: ತನ್ನ ಲೇಸರಿನ ತಿರುಪನ್ನು ತಾನು ಮುಟ್ಟಬಾರದು. ಒಳಗೆ ಎಳ್ಳುಕಾಳಿನಷ್ಟು ಒಂದು ತಿರುಪು ಇರುತ್ತದೆ; ಅದನ್ನು ತಿರುಗಿಸಿದರೆ ಕರೆಂಟು ಏರುತ್ತದೆ, ಬೆಳಕೂ ಏರುತ್ತದೆ. ತಿರುಗಿಸಬೇಕೆನಿಸಿದರೆ ಪಕ್ಕದವರ ಕೈಗೆ ಕೊಡಬೇಕು. ಅವರು ಬೆಳಕಿನ ಶಕ್ತಿ ಅಳೆಯುವ ಮೀಟರು ನೋಡಿಕೊಂಡು ಸರಿಮಾಡಿ ಹಿಂದಿರುಗಿಸಬೇಕು.

"ಅವರವರ ಮಗೂಗೆ ಅವರವರೇ ಮಾರ್ಕ್ಸ್ ಹಾಕಬಾರದು," ಎನ್ನುತ್ತಿದ್ದರು ತಾವ್. "ಕೈ ತಡೆಯಲ್ಲ. ನೂರಕ್ಕೆ ನೂರೈವತ್ತು ಕೊಟ್ಬಿಡತ್ತೆ."

ಯುಚಿನ್ ಈ ಹುಚ್ಚಿಗೆ ಬಿದ್ದದ್ದು ಎಂಟು ವರ್ಷದ ಹಿಂದೆ. ಆಗ ಮಗಳು ಮಾನ್‌ಮಾನ್‌ಗೆ ಆರು ವರ್ಷ. ಸಂತೆಯಲ್ಲಿ ಸಿಕ್ಕ ಅಗ್ಗದ ಹಸಿರು ಲೇಸರನ್ನು ಹಿಡಿದು ಮಗು ಆವಿಯಲ್ಲಿ ಗೆರೆ ಎಳೆದು ಆಡುತ್ತಿತ್ತು. ಮೂಲೆಯಲ್ಲಿ ಗಂಜಿ ಕುಡಿಯುತ್ತಿದ್ದ ತಾವ್, ಆಗ ಬರೀ ಒಬ್ಬ ಗಿರಾಕಿ, ಎದ್ದು ಬಂದು ಮಗುವಿನ ಕೈಯಿಂದ ಅದನ್ನು ಕಸಿದುಕೊಂಡರು. ಮಗು ಅತ್ತಿತು. ಯುಚಿನ್ ಲಟ್ಟಣಿಗೆ ಹಿಡಿದುಕೊಂಡೇ ಜಗಳಕ್ಕೆ ಹೋದಳು. ಮರುದಿನ ಅವರು ಮೀಟರು ತಂದು ತೋರಿಸಿದರು. ಐದು ಎಂದು ಚೀಟಿ ಅಂಟಿಸಿದ್ದ ಲೇಸರು ಅರವತ್ತು ಮಿಲಿವ್ಯಾಟ್ ಉಗುಳುತ್ತಿತ್ತು. ಅದರ ಜೊತೆಗೆ ಕಣ್ಣಿಗೆ ಕಾಣದ, ಆದರೆ ಕಣ್ಣನ್ನು ಸುಡುವ ಇನ್ನೊಂದು ಬೆಳಕೂ ಸೋರುತ್ತಿತ್ತು. ಇನ್ನು ನಾಲ್ಕು ದಿನ ಮಗು ಅದನ್ನು ಆಡಿಸಿದ್ದರೆ, ಒಂದು ಸಲ ತನ್ನ ಮುಖಕ್ಕೇ ಹಿಡಿದುಕೊಂಡಿದ್ದರೆ... ಆ ಮಾತನ್ನು ಯುಚಿನ್ ಮನಸ್ಸಿನಲ್ಲೂ ಪೂರ್ತಿ ಮಾಡುತ್ತಿರಲಿಲ್ಲ. ರಾತ್ರಿ ಮಗಳ ಮುಚ್ಚಿದ ರೆಪ್ಪೆ ನೋಡುವಾಗಲೆಲ್ಲ ಆ ಮುದುಕರನ್ನು ನೆನೆಯುತ್ತಿದ್ದಳು.

ಅಂಥವರ ಕಣ್ಣಿಗೇ ಈಗ ನಾಲ್ಕೈದು ವರ್ಷದಿಂದ ಪೊರೆ ಬೆಳೆದಿತ್ತು. ಅವರು ಮೊದಲು ದೂರಿದ್ದು ಯುಚಿನ್‌ಳ ಬನ್ನನ್ನು. "ಸೊಪ್ಪು ಹಳೇದಮ್ಮ. ಹಳದಿ ಆಗಿದೆ ನೋಡು." ಅವಳು ಬೆಳಿಗ್ಗೆ ನಾಲ್ಕಕ್ಕೆ ಎದ್ದು ತಂದ ಎಳೆಯ ಈರುಳ್ಳಿಸೊಪ್ಪು ಅದು. ಆದರೂ ಎದುರಾಡದೆ, "ನಾಳೆ ಒಳ್ಳೇದು ತರ್ತೀನಿ ಮೇಸ್ತ್ರೀ," ಎನ್ನುತ್ತಿದ್ದಳು. ಕಳೆದ ವರ್ಷ ತಿರುಪಿನ ತಲೆಯೇ ಕಾಣದಾದಾಗ ಅವರು ತಮ್ಮ ಹಸಿರು ಲೇಸರನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟರು. ಕಾರ್ಖಾನೆಯ ಕೊನೆಯ ವರ್ಷ ಹರಳನ್ನು ತಾವೇ ಉಜ್ಜಿ, ತಾವೇ ಅಂಟಿಸಿ ಮಾಡಿದ್ದು. ಈಗ ಅವರ ಕೈ ನಡುಗುತ್ತದೆ. ಅಂಥದು ಇನ್ನೊಂದು ಆಗುವುದಿಲ್ಲ.

"ಕಣ್ಣು ಬಂದ್ರೆ ವಾಪಸ್ ಕೊಡು, ಬರ್ಲಿಲ್ಲ ಅಂದ್ರೆ ನಿಂದೇ," ಎಂದಿದ್ದರು.

ಕಣ್ಣು ಬಂತು. ಆಪರೇಷನ್ನಾಗಿ ಮೂರು ವಾರ. ವರ್ಷದ ಅತಿ ಚಿಕ್ಕ ಹಗಲು ಈ ಸಲ ಭಾನುವಾರವೇ ಬಿದ್ದಿತ್ತು. ಆ ಸಂಜೆ ಎಲ್ಲರೂ ಕಡುಬು ತಿನ್ನಲು ಅಂಗಡಿಯಲ್ಲಿ ಸೇರುವುದು ವಾಡಿಕೆ. ಆ ಹಸಿರನ್ನು ಮೊದಲ ಬಾರಿಗೆ ಹೊಸ ಕಣ್ಣಿನಿಂದ ಅವರು ನೋಡಬೇಕು. ಯುಚಿನ್ ವಾರದಿಂದ ಅದೊಂದೇ ಯೋಚನೆಯಲ್ಲಿದ್ದಳು.

ಕಡುಬಿಗೆ ಮುಂಚೆ ಹೆಪ್ಪುಗಟ್ಟಿದ ಸರೋವರದ ಮೇಲೆ ಒಂದು ಸುತ್ತು ಬೆಳಕಾಡಿಸುವುದೂ ವಾಡಿಕೆಯೇ. ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗಿದ್ದ. ಮೂಗಿನ ಕೂದಲೂ ಹೆಪ್ಪುಗಟ್ಟುವ ಚಳಿ. ಆಕಾಶಕ್ಕೆ ಹಿಡಿಯುವಂತಿಲ್ಲ, ವಿಮಾನಗಳಿವೆ. ಮಂಜುಗಡ್ಡೆಗೂ ಹಿಡಿಯುವಂತಿಲ್ಲ, ಕನ್ನಡಿಯಂತೆ ತಿರುಗಿ ಹೊಡೆಯುತ್ತದೆ. ದಡದ ಹಿಮದ ದಿಬ್ಬವೇ ಗುರಿ. ಗುಂಪಿನ ಬಸ್ ಡ್ರೈವರ್ ದೂ ಲೇಸರ್ ತಡೆಯುವ ಕನ್ನಡಕ ಹಾಕಿಕೊಂಡು ತನ್ನ ನೀಲಿ ಲೇಸರಿನಿಂದ ಕಾಗದದ ಲೋಟವೊಂದಕ್ಕೆ ತೂತು ಕೊರೆದು, ಚಕ್ರವರ್ತಿಯ ಹಾಗೆ ನಿಂತಿದ್ದ.

ಯುಚಿನ್ ಗುಂಡಿ ಒತ್ತಿದಳು. ದಿಬ್ಬದ ಮೇಲೆ ಬಿದ್ದದ್ದು ಪಾಚಿ ಬಣ್ಣದ ಒಂದು ಮಂಕು ಚುಕ್ಕಿ.

"ಯುಚಿನಕ್ಕಾ, ನಿನ್ನ ಹಸಿರಿಗೆ ನೆಗಡಿ ಆಗಿದೆ," ಎಂದ ದೂ. "ಶುಂಠಿ ನೀರು ಕುಡಿಸು."

"ನಿನ್ನ ಬಸ್ಸೂ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ. ಅದಕ್ಕೇನು ಕುಡಿಸ್ತೀಯೋ ಅದನ್ನೇ ಕುಡಿಸ್ತೀನಿ ಬಿಡು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಹಸಿರು ಲೇಸರಿಗೆ ಚಳಿ ಆಗದು, ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಬೇಕು ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವಳು ಚುಕ್ಕಿಯನ್ನೇ ನೋಡುತ್ತ ನಿಂತಳು. ಇದು ಚಳಿಯಲ್ಲದೆ ಬೇರೇನಾದರೂ ಆಗಿದ್ದರೆ? ನನ್ನ ಬಳಿ ಒಂದು ವರ್ಷ ಇದ್ದು ಇದು ಸೊರಗಿಹೋಗಿದ್ದರೆ? ಮೇಸ್ತ್ರಿ ಇಷ್ಟು ವರ್ಷದ ಮೇಲೆ ಕಣ್ಣು ಬಿಟ್ಟು ನೋಡುವುದು ಈ ಪಾಚಿಯನ್ನೇ?

ಅವಳು ಎಲ್ಲರಿಗೆ ಬೆನ್ನು ಹಾಕಿ ನಿಂತು, ಕೈಚೀಲದಿಂದ ಸಣ್ಣ ತಿರುಪುಳಿ ತೆಗೆದು, ಯಾರ ಕೈಗೂ ಕೊಡದೆ, ಕಾಲು ಸುತ್ತು ತಿರುಗಿಸಿದಳು. ಒತ್ತಿದಳು. ಚುಕ್ಕಿ ಚೆನ್ನಾಗಿ ಬೆಳಗಿತು. ನಿಟ್ಟುಸಿರು ಬಿಟ್ಟು, ಒಳಕೋಟಿನ ಜೇಬಿಗೆ ಇಳಿಸಿದಳು.

ಅಂಗಡಿಗೆ ಹದಿನೈದು ನಿಮಿಷದ ದಾರಿ. ಅರ್ಧ ದಾರಿಯಲ್ಲಿ, ಸಂಜೆಗೆಂದು ನಾದಿಟ್ಟ ಹಿಟ್ಟು ಉಕ್ಕಿತೋ ಇಲ್ಲವೋ ಎಂದು ಯೋಚಿಸುತ್ತಿದ್ದವಳು ತಟ್ಟನೆ ನಿಂತುಬಿಟ್ಟಳು. ಚಳಿಯಲ್ಲಿ ಹಿಟ್ಟು ಉಬ್ಬಲಿಲ್ಲವೆಂದು ಅವಸರಪಟ್ಟು ಎರಡರಷ್ಟು ಹುದುಗು ಹಾಕುವ ಹೊಸಬರಿಗೆ ಅವಳು ಎಷ್ಟು ಸಲ ಬೈದಿಲ್ಲ? ಮನೆ ಬೆಚ್ಚಗಾದೊಡನೆ ಆ ಹಿಟ್ಟು ಪಾತ್ರೆ ಮೀರಿ ಉಕ್ಕಿ ಹುಳಿಯಾಗಿ ಹಾಳಾಗುತ್ತದೆ. ಈಗ ಅವಳ ಎದೆಯ ಬಳಿ, ಜೇಬಿನಲ್ಲಿ, ಅದು ಬೆಚ್ಚಗಾಗುತ್ತಿತ್ತು. ಇನ್ನೊಮ್ಮೆ ಒತ್ತಿದರೆ ಚಳಿಗೆಂದು ಏರಿಸಿದ ಕರೆಂಟೇ ಅತಿಯಾಗಿ ಸುಟ್ಟುಹೋಗುತ್ತದೆ. ಸರೋವರದ ಮೇಲೆ ಒತ್ತಿದಾಗಲೇ ಅರ್ಧ ಸುಟ್ಟಿತ್ತೋ ಏನೋ.

ತಾವ್ ಆಗಲೇ ಬಂದು ಒಲೆಯ ಹತ್ತಿರ ಕೂತಿದ್ದರು. ಡಾಕ್ಟರು ಚಳಿಗಾಳಿ ಬೇಡವೆಂದಿದ್ದರಿಂದ ಅವರು ಸರೋವರಕ್ಕೆ ಬಂದಿರಲಿಲ್ಲ. ಕಪ್ಪು ಕನ್ನಡಕ ಹಣೆಗೇರಿಸಿ ಮಾನ್‌ಮಾನ್‌ಳನ್ನು ನೋಡುತ್ತಿದ್ದರು.

"ನಿನ್ನ ಜಾಕೆಟ್ಟು ನೇರಳೆ ಬಣ್ಣದ್ದೇನೇ? ಎರಡು ವರ್ಷ ಕಂದು ಅಂದ್ಕೊಂಡಿದ್ನಲ್ಲೇ."

"ಎರಡು ವರ್ಷ ಅದನ್ನೇ ಹಾಕ್ಕೊಂಡಿದೀನಿ ಅಂತ ಅಮ್ಮಂಗೆ ಹೇಳಿ ತಾತ, ಹೊಸದು ಕೊಡಿಸ್ಲಿ," ಎಂದಳು ಮಾನ್‌ಮಾನ್.

ಯುಚಿನ್ ಬಂದದ್ದು ನೋಡಿ ತಾವ್ ಕೈ ಚಾಚಿದರು. "ಎಲ್ಲಿ, ಕೊಡಮ್ಮ. ನಂದು ನಂಗೆ."

ಅವಳು ಕೊಟ್ಟಳು. ಕೊಡದಿರಲು ಕೈ ಬರಲಿಲ್ಲ. ಅವರು ಲೇಸರನ್ನು ಅಂಗೈಯಲ್ಲಿ ತೂಗಿ, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಒಲೆಯ ಆವಿಯ ಕಡೆ ತಿರುಗಿಸಿದರು.

"ಒತ್ತಬೇಡಿ ಮೇಸ್ತ್ರೀ."

ಅವರು ತಲೆಯೆತ್ತಿದರು. ಹಿಂದೆ ಬಂದ ದೂ ಬಾಗಿಲಲ್ಲೇ ನಿಂತ.

"ನಾನು ತಿರುಪು ಮುಟ್ಟಿದೆ," ಎಂದಳು ಯುಚಿನ್. "ಸರೋವರದಲ್ಲಿ ಮಂಕಾಗಿತ್ತು. ಯಾರಿಗೂ ಕೊಡದೆ ನಾನೇ ಕಾಲು ಸುತ್ತು ತಿರುಗಿಸಿದೆ. ಒಂದು ಸಲ ಒತ್ತಿಯೂ ಬಿಟ್ಟೆ. ಇದೆಯೋ ಹೋಯ್ತೋ ಗೊತ್ತಿಲ್ಲ."

ತಾವ್ ಹೆಬ್ಬೆರಳನ್ನು ಮೆಲ್ಲಗೆ ತೆಗೆದರು. ಒಲೆಯ ಆವಿಗೆ ಲೇಸರಿನ ಗಾಜಿನ ಮೇಲೆ ಅಷ್ಟರಲ್ಲೇ ಮಂಜು ಹಿಡಿದಿತ್ತು. ಅದನ್ನು ಒರೆಸಲೂ ಇಲ್ಲ.

"ಬಟ್ಟೆ ಸುತ್ತಿ ಹಿಟ್ಟಿನ ಚೀಲದ ಮೇಲಿಡು," ಎಂದರು. "ಅರ್ಧ ಗಂಟೆ ಇರ್ಲಿ. ಅಷ್ಟರಲ್ಲಿ ಕಡುಬು ಮಾಡು, ಹೊಟ್ಟೆ ಹಸೀತಿದೆ."

ಆ ಅರ್ಧ ಗಂಟೆಯಲ್ಲಿ ಯುಚಿನ್ ಎಂಬತ್ತು ಕಡುಬು ಮಡಿಸಿದಳು. ಮೇಸ್ತ್ರಿ ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ದೂ ಪಕ್ಕ ಬಂದು ನಿಂತು, ಅಡ್ಡಾದಿಡ್ಡಿಯಾಗಿ ಎರಡು ಕಡುಬು ಮಡಿಸಿಟ್ಟು, ದನಿ ತಗ್ಗಿಸಿ ಹೇಳಿದ: "ನಾನು ನೆಗಡಿ ಅಂತ ಆಡ್ಕೋಬಾರದಿತ್ತಕ್ಕ."

"ನೀನು ಆಡ್ಕೊಳ್ದಿದ್ರೆ ನಿನಗೇ ಜ್ವರ ಬಂದಿದೆ ಅಂದ್ಕೋತಿದ್ದೆ. ನಿನ್ನ ತಪ್ಪಲ್ಲ. ಆ ಕಡುಬಿಂದು ಮಾತ್ರ ನಿನ್ನ ತಪ್ಪು, ಹೊಟ್ಟೆ ಬಿಚ್ಕೊಂಡಿದೆ ನೋಡು."

ಊಟವಾದ ಮೇಲೆ ಬಟ್ಟೆ ಬಿಚ್ಚಿದರು. ಗಾಜಿನ ಮಂಜು ಆರಿತ್ತು. ಯುಚಿನ್ ಎರಡೂ ಕೈಯಲ್ಲಿ ಲೇಸರನ್ನು ಎತ್ತಿ, ಮೀಟರಿನ ಜೊತೆ ದೂನ ಮುಂದಿಟ್ಟಳು. "ನೀನು ಮಾಡಪ್ಪ." ಎಲ್ಲರೂ ಕನ್ನಡಕ ಹಾಕಿಕೊಂಡರು. ಆ ಕನ್ನಡಕದಲ್ಲಿ ಹಸಿರು ಕಾಣುವುದೇ ಇಲ್ಲ, ಮೀಟರಿನ ಅಂಕಿಯನ್ನಷ್ಟೇ ನಂಬಬೇಕು. ದೂ ತಿರುಪನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಗುಂಡಿ ಒತ್ತಿ ಹಿಡಿದ.

ಸೊನ್ನೆ.

ಕೂದಲೆಳೆಯಷ್ಟು ಮುಂದೆ. ಸೊನ್ನೆ. ಇನ್ನೊಂದು ಕೂದಲೆಳೆ. ಸೊನ್ನೆ. ಬಸ್ಸಿನ ದೊಡ್ಡ ಚಕ್ರ ತಿರುಗಿಸುವ ಆ ದಪ್ಪ ಬೆರಳುಗಳು ಅಷ್ಟು ಮೆತ್ತಗೆ ಆಡಿದ್ದನ್ನು ಯುಚಿನ್ ಎಂದೂ ಕಂಡಿರಲಿಲ್ಲ. ಅವಳು ಏಪ್ರನ್ನಿನ ಅಂಚನ್ನು ಹಿಂಡುತ್ತ ನಿಂತಿದ್ದಳು.

"ಒಂದು," ಎಂದ ದೂ. ಸ್ವಲ್ಪ ಹೊತ್ತಿನ ಮೇಲೆ, "ಮೂರು." ಆಮೇಲೆ, "ಐದು. ಅಲ್ಲಾಡ್ತಿಲ್ಲ, ನಿಂತಿದೆ." ಅವನು ತಾವ್ ಕಡೆ ನೋಡಿದ. "ಮೊದಲಿನ ನಲವತ್ತು ಬರತ್ತಾ ನೋಡ್ಲಾ ಮೇಸ್ತ್ರೀ?"

ತಾವ್ ಯೋಚಿಸಿದರು. ಮೊದಲಿನ ಶಕ್ತಿ ಉಳಿದಿದೆಯೋ ಇಲ್ಲವೋ ಅದರಿಂದ ತಿಳಿಯುತ್ತಿತ್ತು. ಯುಚಿನ್ ನೆಲ ನೋಡುತ್ತಿದ್ದಳು.

"ಬೇಡ ಬಿಡು," ಎಂದರು. "ಐದು ಸಾಕು. ನನ್ನ ಕಣ್ಣು ಇನ್ನೂ ಹಸುಗೂಸು. ನಲವತ್ತು ಯಾರಿಗೆ ಬೇಕು?"

ಎದುರು ಗೋಡೆಗೆ ಕಪ್ಪು ಬಟ್ಟೆ ನೇತುಹಾಕಿದರು. ಎಲ್ಲರೂ ಒಂದೇ ಪಕ್ಕಕ್ಕೆ ಸರಿದು ಕೂತು ಕನ್ನಡಕ ತೆಗೆದರು. ಮಾನ್‌ಮಾನ್ ದೀಪ ಆರಿಸಿ, ಬುಟ್ಟಿಗಳ ಮುಚ್ಚಳವನ್ನು ಒಂದೊಂದಾಗಿ ಎತ್ತಿದಳು. ದೂ ಲೇಸರನ್ನು ಮೇಜಿನ ಮೇಲೆ ಭದ್ರವಾಗಿ ಹಿಡಿದು ಒತ್ತಿದ.

ಆವಿಯ ನಡುವೆ ದಾರ ಬಿಗಿದು ನಿಂತಿತು. ತೆಳ್ಳಗೆ, ನೆಟ್ಟಗೆ. ಆವಿ ಸುರುಳಿ ಸುತ್ತಿದ ಕಡೆ ಅದು ಉಸಿರಾಡುವ ಹಾಗೆ ಮಿನುಗುತ್ತಿತ್ತು. ತಾವ್ ಅದನ್ನು ಅಡ್ಡದಿಂದ, ಕತ್ತು ಒಂದಿಷ್ಟು ಬಾಗಿಸಿ, ಬಹಳ ಹೊತ್ತು ನೋಡಿದರು.

"ನಾನು ಮಾಡಿದ್ದು ಇಷ್ಟು ಹಸಿರಾಗಿತ್ತಾ?" ಎಂದರು. "ಮರ್ತೇಹೋಗಿತ್ತು."

ಪಕ್ಕದ ಒಲೆಯ ಮೇಲೆ ನೀರು ಕುದಿಯುತ್ತಿತ್ತು.

ದೀಪ ಹಾಕಿದ ಮೇಲೆ ಯುಚಿನ್ ಹತ್ತಿರ ಹೋದಳು. "ಮೇಸ್ತ್ರೀ, ನಾನು ಅದನ್ನ ಸುಟ್ಟೇಬಿಡ್ತಿದ್ದೆ."

"ಸುಡ್ತಿದ್ದೆ. ಆದ್ರೆ ಒತ್ತಬೇಡಿ ಅಂದೆಯಲ್ಲ." ಅವರು ಲೇಸರನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. "ಅವತ್ತು ನೀನು ಲಟ್ಟಣಿಗೆ ತಗೊಂಡು ಬಂದಿದ್ದೆ ನೋಡು, ಆಮೇಲೆ ಮೀಟರು ನೋಡಿ ಅಲ್ಲೇ ಕೂತು ಅತ್ತುಬಿಟ್ಟೆ. ತಪ್ಪು ಕಂಡ್ರೆ ಬಚ್ಚಿಡೋ ಪೈಕಿ ಅಲ್ಲ ಇವಳು ಅಂತ ಅವತ್ತೇ ಗೊತ್ತಾಯ್ತು. ಅದಕ್ಕೇ ನಿನ್ನ ಹತ್ರ ಕೊಟ್ಟಿದ್ದು."

ಯುಚಿನ್ ಬುಟ್ಟಿಯಿಂದ ಬಿಸಿ ಬನ್ನೊಂದನ್ನು ಎತ್ತಿ ಅವರ ತಟ್ಟೆಗೆ ಹಾಕಿದಳು. ತಾವ್ ಅದನ್ನು ಎರಡು ಹೋಳು ಮಾಡಿದರು. ಒಳಗಿನ ಸೊಪ್ಪನ್ನು ಕಣ್ಣಿನ ಹತ್ತಿರ ತಂದು, ಆಮೇಲೆ ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಯುಚಿನ್."

"ಹೇಳಿ ಮೇಸ್ತ್ರೀ."

"ಸೊಪ್ಪು ಇವತ್ತು ತಂದಿದ್ದಾ?"

"ದಿನಾ ಅವತ್ತವತ್ತಿಂದೇ ತರೋದು."

"ಹೋದ ವರ್ಷಾನೂ?"

"ಹೋದ ವರ್ಷಾನೂ."

ಅವರು ಬನ್ನಿನ ಒಂದು ಹೋಳನ್ನು ಅವಳ ಕೈಗೆ ಕೊಟ್ಟು, ತಮ್ಮ ಪಕ್ಕದ ಸ್ಟೂಲನ್ನು ಕಾಲಿನಿಂದ ಎಳೆದು ಹತ್ತಿರ ಮಾಡಿದರು. "ಕೂತ್ಕೊಂಡು ತಿನ್ನಮ್ಮ," ಎಂದರು. "ಬೆಳಿಗ್ಗೆಯಿಂದ ನಿಂತೇ ಇದೀಯ."

ಯುಚಿನ್ ಕೂತಳು. ಬನ್ನು ಇನ್ನೂ ಸುಡುತ್ತಿತ್ತು.