ಚಾವಣಿಯ ಬಿರಡೆ

ಮೂವತ್ತೊಂದು ವರ್ಷದಿಂದ ನಾನು ನನ್ನ ಅತ್ತೆಯ ಜೊತೆ ಜಗಳವಾಡುತ್ತಾ ಬಂದಿದ್ದೇನೆ. ಆದರೆ ಒಮ್ಮೆಯೂ ಅವರು ತವರಿನ ಬಡಾಯಿ ಕೊಚ್ಚಿ ಗೆದ್ದವರಲ್ಲ. ಬೇರೆ ಹೆಂಗಸರು ಮಾತೆತ್ತಿದರೆ ‘ನಮ್ಮ ಅಪ್ಪನ ಮನೇಲಿ’ ಎಂದು ಶುರು ಮಾಡುತ್ತಾರೆ. ನಮ್ಮತ್ತೆಗೆ ಆ ವಿಷಯ ಬಂದರೆ ಬಾಯಿಗೆ ಬೀಗ. ಅವರ ಅಪ್ಪ ಕಡಲ ದಂಡೆಯ ಹಳ್ಳಿಯೊಂದರಲ್ಲಿ ದೋಣಿ ಕಟ್ಟುವ ಬಡಗಿ, ಅಲ್ಲಿನ ಹಳೆಯ ಚರ್ಚಿನ ಚಾವಣಿ ಅವರ ಕೈಯದು, ನಮಗೆ ಗೊತ್ತಿದ್ದದ್ದು ಇಷ್ಟೇ.

ಆ ಚಾವಣಿ ಸೋರುತ್ತಿದೆ, ಮರ ಕೊಳೆತಿದೆಯಂತೆ, ಕಿತ್ತು ತಗಡು ಹಾಕುತ್ತಾರಂತೆ ಎಂದು ಪತ್ರಿಕೆಯಲ್ಲಿ ಓದಿ ಹೇಳಿದವಳು ನಾನೇ. ಎಂಬತ್ತೊಂದರ ಮುದುಕಿ ತಟ್ಟೆ ಬಿಟ್ಟು ಎದ್ದು ಕೈ ತೊಳೆದರು. ತೀರ್ಮಾನ ಯಾವತ್ತು ಎಂದು ಕೇಳಿದರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಸಭೆ ಎಂದೆ. ಕೊನೆಯ ಸಲ ನೋಡಿಕೊಂಡು ಬರುತ್ತೇನೆ, ಕರೆದುಕೊಂಡು ಹೋಗು ಎಂದರು. ಮಗನನ್ನು ಕೇಳದೆ ನನ್ನನ್ನು ಕೇಳಿದರಲ್ಲ, ಅದಕ್ಕೇ ಹೊರಟೆ.

ಹಳ್ಳಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಇಬ್ಬರು ಎದುರು ಬದುರು ಬಂದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಕಲ್ಲು ಹಾಸಿನ ಓಣಿಗಳು. ಮೊಣಕಾಲೆತ್ತರದ ಹೊಸ್ತಿಲುಗಳು, ಅಲೆ ಉಕ್ಕಿದಾಗ ನೀರು ಒಳಗೆ ಬರದಿರಲೆಂದು. ಓಣಿಯ ಕೊನೆಗೆ ನಾನೂರು ವರ್ಷದ ಚರ್ಚು. ಉಪ್ಪು ಗಾಳಿಗೆ ಅದರ ಕಲ್ಲಿನ ಮೂಲೆಗಳು ಬಳಸಿದ ಸಾಬೂನಿನ ಹಾಗೆ ದುಂಡಗಾಗಿದ್ದವು. ನೋಡಲು ಬಂದ ಪ್ರವಾಸಿಗರು ಗೋಡೆಗೆ ಬೆನ್ನು ಹಾಕಿ ತಮ್ಮದೇ ಮುಖದ ಫೋಟೊ ತೆಗೆದುಕೊಳ್ಳುತ್ತಿದ್ದರು. ಅಷ್ಟು ದೂರ ಬಂದು ನೋಡುವುದು ಅದನ್ನೇ ಆದರೆ ಮನೆಯಲ್ಲಿ ಕನ್ನಡಿ ಇರಲಿಲ್ಲವೇ?

ಪ್ರಾರ್ಥನೆಗೆ ಮುಂಚೆಯೇ ಒಳಗೆ ಹೋಗಿ ತಲೆಯೆತ್ತಿದೆ. ನನ್ನ ಬಾಯಿ ಕಟ್ಟಿತು. ನನ್ನ ಮಟ್ಟಿಗೆ ಅದು ಸಣ್ಣ ಮಾತಲ್ಲ. ಇಡೀ ಚಾವಣಿ ಬೋರಲು ಹಾಕಿದ ದೊಡ್ಡ ದೋಣಿ. ಎರಡೂ ಗೋಡೆಗಳಿಂದ ಎದ್ದ ಬಾಗಿದ ಮರಗಳು ಪಕ್ಕೆಲುಬಿನಂತೆ ಮೇಲೆ ಕೂಡುತ್ತಿದ್ದವು, ಅವುಗಳ ಮೇಲೆ ಒತ್ತೊತ್ತಾಗಿ ಹಲಗೆ, ಎಲ್ಲೂ ಒಂದು ಮೊಳೆ ಕಾಣದು. ಒಮ್ಮೆ ಬಿರುಗಾಳಿಗೆ ಹಳೆಯ ಚಾವಣಿ ಹಾರಿಹೋಯಿತಂತೆ. ಊರಲ್ಲಿ ಮನೆ ಕಟ್ಟುವ ಬಡಗಿಗಳಿರಲಿಲ್ಲ. ಅತ್ತೆಯ ಅಪ್ಪ ತನಗೆ ಗೊತ್ತಿದ್ದನ್ನೇ ಕಟ್ಟಿ ಕವುಚಿ ಹಾಕಿದರು. ಇಂಥ ಅಪ್ಪನನ್ನು ಇಟ್ಟುಕೊಂಡು ಈ ಹೆಂಗಸು ಮೂವತ್ತೊಂದು ವರ್ಷ ನನ್ನೆದುರು ಸುಮ್ಮನಿದ್ದರಲ್ಲ ಎಂದು ನನಗೆ ಸಿಟ್ಟೇ ಬಂತು. ನನ್ನ ಅಪ್ಪ ಒಂದು ಮೊಳೆ ಹೊಡೆದಿದ್ದರೂ ನಾನು ಊರೆಲ್ಲ ಡಂಗುರ ಸಾರುತ್ತಿದ್ದೆ.

ಅತ್ತೆ ಮಾತ್ರ ಬಲಿಪೀಠದ ಮೇಲ್ಗಡೆಯ ನೀರಿನ ಕಲೆಗಳನ್ನೇ ನೋಡುತ್ತಿದ್ದರು. ನನ್ನ ಕೈ ಹಿಡಿದು ಹಿಂದಿನ ಬೆಂಚಿನಲ್ಲಿ ಕೂರಿಸಿ, ತಗ್ಗಿದ ದನಿಯಲ್ಲಿ ಹೇಳಿದರು. ದೋಣಿಯ ತಳದಲ್ಲಿ, ಹಿಂಭಾಗಕ್ಕೆ, ಒಂದು ತೂತು ಕೊರೆಯುವುದು ಪದ್ಧತಿ. ದಡಕ್ಕೆ ಎಳೆದಾಗ ಒಳಗಿನ ನೀರು ಹರಿದುಹೋಗಬೇಕು, ಕಡಲಿಗಿಳಿಯುವಾಗ ಅದಕ್ಕೆ ಮರದ ಬಿರಡೆ ಬಡಿದು ಮುಚ್ಚಬೇಕು. ನೂರಾರು ದೋಣಿ ಕಟ್ಟಿದ ಅಪ್ಪ ಕೈಯಭ್ಯಾಸಕ್ಕೆ ಚಾವಣಿಗೂ ಆ ತೂತು ಕೊರೆದುಬಿಟ್ಟಿದ್ದರು. ಮೇಲೇರಿಸಿದ ಮೇಲೆ ನೋಡಿದರೆ ನೆತ್ತಿಯಲ್ಲೇ ತೂತು! ಬಿರಡೆ ಬಡಿದು ಕೂರಿಸಿದರು, ಆದರೆ ಊರಿಗೆ ಅಷ್ಟೇ ಸಾಕಾಯಿತು. ದೇವರ ಮನೆಗೆ ತೂತು ಕೊರೆದವನು ಎಂದು ಸಾಯುವವರೆಗೂ ಅವರನ್ನು ತೂತು ಬಡಗಿ ಅಂದರು. ಶಾಲೆಯಲ್ಲಿ ಅತ್ತೆ ತೂತಿನ ಮಗಳು. ಮದುವೆಯಾಗಿ ದೂರ ಬಂದವರು ಆ ಮಾತನ್ನು ಅಲ್ಲೇ ಹೂತು ಬಂದಿದ್ದರು. ಅಪ್ಪ ಮಾತ್ರ ಪ್ರತಿ ವರ್ಷ ಮಳೆಗೆ ಮುಂಚೆ ಯಾರಿಗೂ ಹೇಳದೆ ಏಣಿ ಹತ್ತಿ ಬಿರಡೆ ಬದಲಿಸುತ್ತಿದ್ದರು. ಅವರು ಹೋಗಿ ನಲವತ್ತು ವರ್ಷ, ಆಮೇಲೆ ಬದಲಿಸಿದವರಿಲ್ಲ.

“ಹಾಗಾದ್ರೆ ಮರ ಕೊಳೆತಿಲ್ಲ. ಸಭೇಲಿ ಎದ್ದು ಹೇಳಿ ಅತ್ತೆ” ಎಂದೆ.

“ಹೇಳಿದ್ರೆ ಅಪ್ಪನ ಮರ್ಯಾದೆ ಹೋಗತ್ತೆ. ಹೇಳದಿದ್ರೆ ಅಪ್ಪನ ಕೆಲಸ ಹೋಗತ್ತೆ” ಎಂದರು ಅತ್ತೆ.

ಪ್ರಾರ್ಥನೆ ಮುಗಿಯಿತು, ಸಭೆ ಕೂತಿತು. ಪಟ್ಟಣದಿಂದ ಬಂದ ಎಂಜಿನಿಯರಮ್ಮ ಹನ್ನೊಂದು ಕಡೆ ಕಲೆ ಬಿದ್ದಿದೆ, ಹಲಗೆಗಳೆಲ್ಲ ಕೊಳೆತಿರಬೇಕು, ತೆಗೆಯುವುದೇ ಕ್ಷೇಮ ಎಂದು ಕೆಳಗೆ ನಿಂತೇ ಹೇಳಿದಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಸಲಹೆ. ಒಪ್ಪಿಗೆ ಇರುವವರು ಕೈಯೆತ್ತಿ ಎಂದರು ಪಾದ್ರಿಗಳು. ಕೈಗಳು ಏಳತೊಡಗಿದವು. ಪಕ್ಕಕ್ಕೆ ತಿರುಗಿದರೆ ನಮ್ಮತ್ತೆ ಎದ್ದು ನಿಂತಿದ್ದರು.

“ಮರ ಕೊಳೆತಿಲ್ಲ, ಫಾದರ್. ಅಲ್ಲಿ ಒಂದು ತೂತಿದೆ. ಅದು ನಮ್ಮಪ್ಪ ಮಾಡಿದ ತಪ್ಪು.”

ಮುಂದಿನ ಸಾಲಿನ ಮುದುಕನೊಬ್ಬ ಹಳೆಯದು ನೆನಪಾಗಿ ಕಿಸಕ್ಕನೆ ನಕ್ಕ. ನಾನು ಅವನನ್ನು ನೋಡಿದ ರೀತಿಗೆ ಅವನು ಆಮೇಲೆ ಉಸಿರಾಡಲೂ ಯೋಚಿಸಿರಬೇಕು. ಅತ್ತೆ ಅತ್ತ ನೋಡಲೇ ಇಲ್ಲ, ಎಲ್ಲವನ್ನೂ ಬಿಡಿಸಿ ಹೇಳಿದರು. ಒಂದು ತೂತಿನ ನೀರು ಹನ್ನೊಂದು ಕಡೆ ಹೇಗೆ ಬೀಳುತ್ತದೆ ಎಂದು ಎಂಜಿನಿಯರಮ್ಮ ಕೇಳಿದಳು. ನೀರು ನೆಟ್ಟಗೆ ಬೀಳುವುದಿಲ್ಲ, ಪಕ್ಕೆಮರ ಹಿಡಿದು ಇಳಿಯುತ್ತದೆ, ಸಿಕ್ಕಸಿಕ್ಕ ಸಂದಿಯಲ್ಲಿ ತೊಟ್ಟಿಕ್ಕುತ್ತದೆ ಎಂದರು ಅತ್ತೆ. ಏಳನೆಯ ಪಕ್ಕೆಮರದ ಹತ್ತಿರ ನೋಡಿ ಎಂದು ಬೆರಳು ತೋರಿಸಿದರು.

ಚರ್ಚಿನ ಕೀಲಿಕೈ ನೋಡಿಕೊಳ್ಳುವವನು ಉದ್ದದ ಏಣಿ ತಂದು ಹತ್ತಿದ. ಮೇಣದಬತ್ತಿಯ ಎಷ್ಟೋ ವರ್ಷದ ಮಸಿಯನ್ನು ಚಾಕುವಿನಿಂದ ಕೆರೆದ. ಸ್ವಲ್ಪ ಹೊತ್ತಿಗೆ, ಇದೆ ಎಂದ. ಒಣಗಿ ಕುಗ್ಗಿದ ಬಿರಡೆ ಹಾಲುಹಲ್ಲಿನ ಹಾಗೆ ಅವನ ಬೆರಳಿಗೇ ಬಂತು. ಸುತ್ತಲಿನ ಹಲಗೆಗೆ ಚಾಕು ಚುಚ್ಚಿ ನೋಡಿದ. ಮೊನೆ ಇಳಿಯಲಿಲ್ಲ. ಎಂಜಿನಿಯರಮ್ಮ ನಂಬದೆ ತಾನೇ ಹತ್ತಿ ಹನ್ನೊಂದೂ ಕಡೆ ಚುಚ್ಚಿದಳು. ಇಳಿದು ಬಂದು, ತಾನು ಹೇಳಿದ್ದು ತಪ್ಪು, ಈ ಮರ ಇನ್ನೂ ನೂರು ವರ್ಷ ಬಾಳುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅಷ್ಟು ದೊಡ್ಡ ಮನಸ್ಸಿತ್ತು ಹುಡುಗಿಗೆ, ಮೆಚ್ಚಿದೆ. ತಗಡಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಹೆಮ್ಮೆಯಿಂದ, ಮತ್ತೇನಿಲ್ಲ.

ಪಾದ್ರಿಗಳು ಒಳ್ಳೆಯವರು. ಅತ್ತೆಯ ಮನಸ್ಸು ನೋಯಬಾರದೆಂದು, ತೂತಿಗೆ ಹಲಗೆ ತುಂಡು ಹೊಡೆಸಿ ಮೇಲೆ ಬಣ್ಣ ಬಳಿಸಿಬಿಡೋಣ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದರು.

“ಬೇಡ ಫಾದರ್” ಎಂದರು ಅತ್ತೆ. “ಮುಚ್ಚಿಟ್ಟಿದ್ದಕ್ಕೇ ಸೋರಿದ್ದು. ಅಪ್ಪನೂ ಮುಚ್ಚಿಟ್ಟ, ನಾನೂ ಮುಚ್ಚಿಟ್ಟೆ. ಒಂದು ಕಾಗದ ಬರೆದಿದ್ರೆ ಸಾಕಿತ್ತು.”

ಹಾಳೆ ತರಿಸಿದರು. ನನ್ನ ಅಕ್ಷರ ದುಂಡಗಿದೆ ಎಂದು ಪೆನ್ನು ನನಗೆ ಕೊಟ್ಟರು. ಮೂವತ್ತೊಂದು ವರ್ಷದಲ್ಲಿ ಅವರು ಬಾಯಿಬಿಟ್ಟು ಹೊಗಳಿದ್ದು ಅದೊಂದೇ ಸಲ. ಅವರು ಹೇಳಿದಂತೆ ಬರೆದೆ: ಈ ಚಾವಣಿಯಲ್ಲಿ ಒಂದು ತೂತಿದೆ. ಕಟ್ಟಿದವರ ತಪ್ಪು. ಪ್ರತಿ ವರ್ಷ ಮಳೆಗೆ ಮುಂಚೆ ಬಿರಡೆ ಬದಲಿಸಿ. ಉಳಿದದ್ದೆಲ್ಲ ಗಟ್ಟಿ.

ಹೇಳಿದ್ದು ಯಾರು ಎಂದು ಹಾಕಲಿ ಎಂದು ಕೇಳಿದೆ. ಬಡಗಿಯ ಮಗಳು ಎಂದು ಹಾಕು ಎಂದರು. ಹಾಕಿದೆ. ಅದರ ಕೆಳಗೆ, ಬರೆದದ್ದು ಅವರ ಸೊಸೆ ಎಂದು ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ. ದಪ್ಪ ಅಕ್ಷರದಲ್ಲೇ ಬರೆದೆ.