ಚಾಚಿದ ಕೈ

"ಏನಪ್ಪಾ ಬೇಕು?" ಮಗಳು ಎರಡನೇ ಸಲ ಕೇಳಿದಳು.

ದರ್ಜಿ ತಲೆಯೆತ್ತಲಿಲ್ಲ. ಕೋಟಿನ ಬಟ್ಟೆಯನ್ನು ಎಡಗೈಯಲ್ಲಿ ಮೇಜಿಗೆ ಒತ್ತಿಹಿಡಿದು, ಬಲಗೈಯನ್ನು ಪಕ್ಕಕ್ಕೆ ಚಾಚಿ ನಿಂತಿದ್ದ. "ಅದು ಕೊಡು."

"ಯಾವ್ದು?"

"ಅದೇ... ಎಳೆಯೋದು."

ಮಗಳು ಟೇಪು ಕೊಟ್ಟಳು. ಎಸೆದ. ಕತ್ತರಿ ಕೊಟ್ಟಳು. ಅವನ ಮುಖ ಕೆಂಪಾಯಿತು. "ಬಟ್ಟೆ ಮೇಲೆ... ಬಿಳೀದು! ಇಷ್ಟೂ ಗೊತ್ತಾಗಲ್ವಾ ನಿಂಗೆ?"

"ಸೀಮೆಸುಣ್ಣ ಅನ್ನೋಕೆ ಇಷ್ಟೊಂದು ಸುತ್ತು ಬಳಸ್ಬೇಕಾ?" ಮಗಳು ನಕ್ಕಳು. ಅವನು ನಗಲಿಲ್ಲ.

ಪ್ಲಾಸ್ಟರ್ ಹಾಕಿದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ ಅವನ ಹೆಂಡತಿಗೆ ಮಗಳ ಮೇಲೇ ಸಿಟ್ಟು ಬಂತು. ಇದರಲ್ಲಿ ಕೇಳುವುದೇನಿದೆ? ಬಟ್ಟೆ ಹಾಸಿದ ಮೇಲೆ ಸೀಮೆಸುಣ್ಣ, ಗೆರೆ ಎಳೆದ ಮೇಲೆ ಕತ್ತರಿ. ಮೇಜಿನ ಮೇಲೆ ಬಟ್ಟೆ ಬಿಟ್ಟು ಬೇರೇನೂ ಇರಕೂಡದೆಂಬುದು ಅವನ ಹಠ. ಸಾಮಾನೆಲ್ಲ ಪಕ್ಕದ ಸ್ಟೂಲಿನ ಮೇಲೆ. ಅವನು ಕೈ ಚಾಚುತ್ತಿದ್ದ, ಅವಳು ಇಡುತ್ತಿದ್ದಳು. ಮದುವೆಯಾದಾಗಿನಿಂದ ಹೀಗೇ.

ಹೀಗೇನಾ?

ಮೊದಲು ಅಂಗಡಿಯಲ್ಲಿ ಅವನ ಬಾಯಿಗೆ ಬಿಡುವಿರಲಿಲ್ಲ. "ಬೇಗ ಕತ್ತರಿ ಕೊಡೇ ಮಹಾರಾಯ್ತಿ, ಗಿರಾಕಿ ಕಾದೂ ಕಾದೂ ದಪ್ಪ ಆಗ್ಬಿಟ್ಟಾನು!" ಅನ್ನುತ್ತಿದ್ದ. ಅದು ಯಾವಾಗ ನಿಂತಿತು? ಯೋಚಿಸಿದಷ್ಟೂ ತಲೆ ಗೋಜಲಾಯಿತು. ವಯಸ್ಸಾಯಿತು, ಮಾತು ಕಮ್ಮಿಯಾಯಿತು, ಸದ್ಯ, ಎಂದು ಅವಳೇ ನೆಮ್ಮದಿಪಟ್ಟಿದ್ದಳಲ್ಲ.

ಅಪ್ಪ ಬಟ್ಟೆಗೆ ನೀರು ಚಿಮುಕಿಸಲು ಒಳಗೆ ಹೋದಾಗ ಮಗಳು ಹತ್ತಿರ ಬಂದಳು. "ಅಮ್ಮ, ನನಗೆ ಯಾಕೋ ಭಯ ಆಗ್ತಿದೆ. ಮೊನ್ನೆ ಫೋನಲ್ಲಿ ಅಪ್ಪ ಗುಂಡಿ ಅನ್ನೋಕೆ ಒದ್ದಾಡಿಬಿಟ್ಟ. ಡಾಕ್ಟರಿಗೆ ತೋರಿಸೋಣ."

"ನಿಮ್ಮಪ್ಪನಿಗೆ ಏನೂ ಆಗಿಲ್ಲ. ಕೆಲಸದ ಮಧ್ಯೆ ಕೆಣಕಿದ್ರೆ ಯಾರಿಗಾದ್ರೂ ರೇಗುತ್ತೆ. ನೀನು ಹೋಗಿ ಇಸ್ತ್ರಿ ನೋಡು."

ಮಗಳು ಮುಖ ಊದಿಸಿಕೊಂಡು ಒಳಗೆ ಹೋದಳು. ಅವನು ಬಂದು ತೋಳಿನ ಬಟ್ಟೆ ಹಾಸಿ, ಮಡಿಕೆ ಸವರಿ, ಕೈ ಚಾಚಿದ. ಅವಳು ಎದ್ದು ಸ್ಟೂಲಿನ ಪಕ್ಕ ನಿಂತು, ಎಡಗೈಯಲ್ಲಿ ಸೀಮೆಸುಣ್ಣ ತೆಗೆದುಕೊಂಡಳು. ಕೊಡಲಿಲ್ಲ. ಮುಷ್ಟಿ ಬಿಗಿಹಿಡಿದಳು.

"ಏನು ಬೇಕು, ಹೇಳ್ರೀ."

ಅವನು ತಿರುಗಿ ನೋಡಿದ. ಅವಳಿಂದ ಈ ಪ್ರಶ್ನೆ ಬರುತ್ತದೆಂದು ಅವನು ಎಣಿಸಿರಲಿಲ್ಲ. ತುಟಿ ಅಲುಗಿತು. ಹೇಳಿಬಿಡಲಿ, ಬೈದಾದರೂ ಹೇಳಿಬಿಡಲಿ ಎಂದು ಅವಳ ಜೀವ ಬಾಯಿಗೆ ಬಂದಿತ್ತು.

"ನೀನು ಕೊಡ್ತೀಯಲ್ಲ..." ಎಂದ. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ. "ಅದು."

ಅವಳು ಮುಷ್ಟಿ ಬಿಚ್ಚಿದಳು. ಬೆವರಿಗೆ ಸುಣ್ಣ ಅಂಗೈಗೆ ಮೆತ್ತಿಕೊಂಡಿತ್ತು. ಅವನು ಅದನ್ನು ತೆಗೆದುಕೊಂಡು ತೋಳಿನ ತಿರುವನ್ನು ಒಂದೇ ಏಟಿಗೆ ಎಳೆದ. ಎಲ್ಲೂ ಕೈ ನಡುಗಲಿಲ್ಲ, ತಿದ್ದಲಿಲ್ಲ. ಎಳೆದು ಮುಗಿಸಿ, ಬಟ್ಟೆಯ ಮೇಲಿಂದ ಕಣ್ಣು ಕೀಳದೆ, ಮತ್ತೆ ಕೈ ಚಾಚಿದ.

ಅವನು ಹೆಸರು ಹೇಳುವ ಮೊದಲೇ ಅವಳ ಎಡಗೈ ಕತ್ತರಿಯ ಮೇಲಿತ್ತು. ಅದನ್ನು ನೋಡಿ ಅವಳಿಗೇ ಗಾಬರಿಯಾಯಿತು. ಕೈ ಹಿಂದೆ ತೆಗೆದುಕೊಂಡಳು.

"ಪುಟ್ಟಿ," ಒಳಗೆ ಕೇಳುವಂತೆ ಕೂಗಿದಳು, "ಆ ಡಾಕ್ಟರು ಯಾವತ್ತು ಸಿಗ್ತಾರೆ?"

ಇಸ್ತ್ರಿಯ ಸದ್ದು ನಿಂತಿತು. ಮೇಜಿನ ಪಕ್ಕದಲ್ಲಿ ಅವನ ಕೈ ಚಾಚಿಕೊಂಡೇ ಇತ್ತು.